ಬಲೆಯ ದಾರಿ ಮೊದಲು, ವಿಂಚ್ ಆಮೇಲೆ: ಹಳೆ ಬೋಟಿನ ಡೆಕ್ ಯೋಜಿಸುವವರಿಗೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ ಮೀನು ಹಿಡಿಯುವವರ ತೆಪ್ಪವನ್ನು ನಮ್ಮ ಕಡೆಯವರು ನೋಡಿಯೇ ಇರುತ್ತಾರೆ. ಬಿದಿರಿನ ದಬ್ಬೆ ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿದ ದುಂಡನೆಯ ತೆಪ್ಪ. ಈಚೆಗೆ ಫೈಬರಿನವೂ ಬಂದಿವೆ. ಹುಟ್ಟು ಹಾಕುವವರು ಒಂದು ಮಗ್ಗುಲಿಗೆ, ಬಲೆ ಎಳೆಯುವವರು ಇನ್ನೊಂದು ಮಗ್ಗುಲಿಗೆ, ಒದ್ದೆ ಬಲೆ ಇಬ್ಬರ ನಡುವೆ. ಬಲೆ ಎಳೆಯುವವರು ಸ್ವಲ್ಪ ಹೆಚ್ಚು ಬಾಗಿದರೆ ಹುಟ್ಟಿನವರು ಮಾತಿಲ್ಲದೆ ಹಿಂದಕ್ಕೆ ಜರುಗುತ್ತಾರೆ. ಅಲ್ಲಿ ಡೆಕ್ ಇಲ್ಲ, ಕ್ಯಾಬಿನ್ ಇಲ್ಲ, ವಿಂಚ್ ಇಲ್ಲ. ಆದರೆ ಯಾರು ಎಲ್ಲಿ ಕೂರಬೇಕು, ಭಾರ ಎಲ್ಲಿರಬೇಕು, ಕೈ ಯಾವ ಕಡೆ ಆಡಬೇಕು ಎಂಬ ಲೆಕ್ಕ ಪೂರ್ತಿ ಇದೆ. ಸಮುದ್ರದ ಬೋಟಿಗೂ ಬೇಕಾದದ್ದು ಅದೇ ಲೆಕ್ಕ, ಇನ್ನೂ ಹೆಚ್ಚಿನ ಭಾರ ಮತ್ತು ಹೆಚ್ಚಿನ ಅಪಾಯದೊಂದಿಗೆ.

ಬಯಲುಸೀಮೆಯಿಂದ ಮಲ್ಪೆ, ಮಂಗಳೂರು ಬಂದರುಗಳಿಗೆ ದುಡಿಯಲು ಹೋಗುವ ಹುಡುಗರಿದ್ದಾರೆ. ಅವರಲ್ಲಿ ಕೆಲವರು ಮಳೆಗಾಲದಲ್ಲಿ ಬೋಟು ರಿಪೇರಿಗೆ ಆಚಾರಿಗಳ ಕೈಕೆಳಗೆ ನಿಲ್ಲುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಹಳೆ ಬೋಟನ್ನು ಬಿಚ್ಚಿ ಕಟ್ಟಲು ಸಿಗುವ ಕಾಲ ಅದೊಂದೇ. ಅವಸರ ಹೆಚ್ಚು, ಹಾಗಾಗಿ ಹಳೆಯ ಸಾಮಾನನ್ನು ಕಿತ್ತ ಜಾಗದಲ್ಲೇ ಹೊಸದನ್ನು ಕೂರಿಸಿ, ಬಣ್ಣ ಬಳಿದು ನೀರಿಗಿಳಿಸುವುದೇ ಹೆಚ್ಚು. ಡೆಕ್ ಖಾಲಿಯಾಗಿರುವ ಆ ನಾಲ್ಕೈದು ದಿನಗಳಲ್ಲಿ ಕೂತು ಯೋಚಿಸಿದರೆ ಮುಂದಿನ ಹತ್ತು ವರ್ಷ ಆ ಬೋಟಿನಲ್ಲಿ ದುಡಿಯುವವರ ಬೆನ್ನು, ಬೆರಳು, ಜೀವ ಮೂರೂ ಉಳಿಯುತ್ತವೆ. ಹೊಸಬರಿಗೆ ಈ ಪಾಠ ಮೊದಲೇ ಸಿಗಬೇಕೆಂಬುದು ನನ್ನ ಆಸೆ.

ಮೊದಲು ಡೆಕ್ ಅಂದರೆ ಏನೆಂದು ತಿಳಿಯೋಣ. ದಡಕ್ಕೆ ಎಳೆಯುವ ರಂಪಣಿ ಬಲೆಯ ಹಿಂದಿನ ದೋಣಿಗಳು ತೆರೆದ ದೋಣಿಗಳು, ಅವಕ್ಕೆ ಡೆಕ್ ಇರಲಿಲ್ಲ. ಎಂಜಿನ್ ಬೋಟುಗಳು ಬಂದ ಮೇಲೆ ಎಂಜಿನ್ನಿಗೆ, ಮೀನಿಗೆ, ಐಸಿಗೆ ಮುಚ್ಚಿದ ಜಾಗ ಬೇಕಾಯಿತು. ಇಂಥ ಬೋಟುಗಳನ್ನು ಬೆಳೆಸಿದ, ಇಂದಿನ ಕೇರಳದಲ್ಲಿ 1952ರ ಒಪ್ಪಂದದಿಂದ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಬಂತು. 1970ರ ದಶಕದ ನಡುವಿನಲ್ಲಿ ಮೀನಿನ ಹಿಂಡನ್ನು ಸುತ್ತುವರಿಯುವ ಪರ್ಸೀನ್ ಬಲೆ ಬಂದು ರಂಪಣಿಯ ಕಾಲ ಮುಗಿಯತೊಡಗಿತು. ಇಂದು ನೀವು ನೋಡುವ, ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನ ಸಾಮಾನ್ಯ ರೂಪ ಹೀಗಿದೆ: ಮುಂದೆ ಕ್ಯಾಬಿನ್, ಅದರ ಬೆನ್ನಿಗೆ ಬಲೆಯ ರೋಪು ಸುತ್ತುವ ಯಂತ್ರ ಅಂದರೆ ವಿಂಚ್, ಅಲ್ಲಿಂದ ಹಿಂದಕ್ಕೆ ಕೆಲಸದ ಬಯಲು, ತೀರಾ ಹಿಂದೆ ಬಲೆಯ ರೋಪು ಇಳಿಯುವ ಕಬ್ಬಿಣದ ಕಮಾನುಗಳು. ಕೆಲಸದ ಬಯಲಿನ ಅಡಿಗೆ ಮೀನಿನ ಕೋಣೆ. ಅಂದರೆ ಡೆಕ್ ಎಂಬುದು ಕೆಳಗಿನ ಕೋಣೆಗೆ ಚಾವಣಿ, ಮೇಲಿನವರಿಗೆ ನೆಲ, ಬೋಟಿನ ಎರಡು ಪಕ್ಕಗಳನ್ನು ಬಿಗಿದು ಹಿಡಿಯುವ ಕಟ್ಟು. ಈ ಮೂರನೆಯದನ್ನು ಹೊಸಬರು ಮರೆಯುತ್ತಾರೆ.

ಹಳೆ ಬೋಟು ಕೈಗೆ ಬಂದಾಗ ಪೆನ್ಸಿಲು ಹಿಡಿಯಬೇಡಿ. ಡೆಕ್ಕಿನ ಮೇಲೆ ಮೊಣಕಾಲೂರಿ ಕೂತು ಸವೆತ ನೋಡಿ. ವಿಂಚಿನ ಪಕ್ಕದ ಹಲಗೆ ಅಂಗಾಲಿನ ಅಗಲಕ್ಕೆ ತಗ್ಗಾಗಿದ್ದರೆ ಅಲ್ಲಿ ಒಬ್ಬ ಕಲಾಸಿ (ಬೋಟಿನ ಕೆಲಸಗಾರ) ವರ್ಷಗಟ್ಟಲೆ ನಿಂತಿದ್ದಾನೆ. ಹಿಂಬದಿಯ ಅಂಚಿನ ಮರದಲ್ಲಿ ಬೆರಳು ಕೂರುವಷ್ಟು ಗೀರು ಬಿದ್ದಿದ್ದರೆ ವೈರ್ ರೋಪು ರಾಟೆ ಬಿಟ್ಟು ಮರವನ್ನೇ ಉಜ್ಜಿಕೊಂಡು ಹೋಗುತ್ತಿತ್ತು. ಎಡಗಡೆಯ ಹಲಗೆ ನುಣುಪಾಗಿ, ಬಲಗಡೆಯದು ಇನ್ನೂ ಒರಟಾಗಿದ್ದರೆ ಜನ ಓಡಾಡುತ್ತಿದ್ದುದು ಎಡಗಡೆಯಲ್ಲಿ ಮಾತ್ರ. ಬಲಗಡೆ ಏನೋ ಅಡ್ಡವಿತ್ತು. ಇದನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡ ಮೇಲೆ ಬೋಟು ನಡೆಸುವ ತಾಂಡೇಲರನ್ನು ಕೇಳಿ. ‘ಎಲ್ಲಿ ಎಡವುತ್ತಿದ್ದಿರಿ?’ ಎಂದು ಕೇಳಿದರೆ ಸಿಗುವ ಉತ್ತರ ‘ಏನೇನು ಬದಲಿಸಬೇಕು?’ ಎಂದು ಕೇಳಿದರೆ ಸಿಗುವುದಿಲ್ಲ.

ಆಮೇಲೆ ಮರದ ಪರೀಕ್ಷೆ. ನಮ್ಮ ಕರಾವಳಿಯ ಮರದ ಬೋಟುಗಳಲ್ಲಿ ಹೆಬ್ಬಲಸು, ಬೋಗಿ, ಮತ್ತಿ, ಸಾಗುವಾನಿಯಂಥ ಮರಗಳು ಸಿಗುತ್ತವೆ. ನೀರಿನೊಳಗಿನ ಭಾಗಕ್ಕೆ ಮರ ಕೊರೆಯುವ ಹುಳುವಿನ ಕಾಟ. ಡೆಕ್ಕಿಗೆ ಕಾಟ ಬೇರೆ, ಮಳೆನೀರು. ಉಪ್ಪುನೀರು ಮರವನ್ನು ಒಂದಷ್ಟು ಕಾಯುತ್ತದೆ, ಸಿಹಿನೀರು ನಿಂತಲ್ಲಿ ಶಿಲೀಂಧ್ರ ಬೆಳೆದು ಮರ ಕೊಳೆಯುತ್ತದೆ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಉಡುಪಿ ಸೀಮೆಯಲ್ಲಿ ಎರಡು ತಿಂಗಳು ಮೇಲೆಳೆದು ನಿಲ್ಲಿಸಿದ ಬೋಟಿಗೆ ಸಮುದ್ರಕ್ಕಿಂತ ದಡವೇ ಹೆಚ್ಚು ಅಪಾಯ. ನಮ್ಮ ಬಯಲುಸೀಮೆಯ ಜಗಳೂರಿನ ಒಣಹವೆಯಲ್ಲಿ ಬೆಳೆದವರಿಗೆ ಇದು ಬೇಗ ಮನಸ್ಸಿಗೆ ಹತ್ತುವುದಿಲ್ಲ. ದಬ್ಬಣ ತೆಗೆದುಕೊಂಡು ಮೀನಿನ ಕೋಣೆಯ ಮುಚ್ಚಳದ ಚೌಕಟ್ಟಿನ ನಾಲ್ಕು ಮೂಲೆ, ವಿಂಚಿನ ಬೋಲ್ಟುಗಳ ಸುತ್ತ, ಕ್ಯಾಬಿನ್ ಗೋಡೆ ಡೆಕ್ಕಿಗೆ ಸೇರುವ ಗೆರೆ ಇಷ್ಟನ್ನು ಚುಚ್ಚಿ ನೋಡಿ. ಗಟ್ಟಿ ಮರ ದಬ್ಬಣವನ್ನು ತಡೆಯುತ್ತದೆ, ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಟಣ್ ಎನ್ನದೆ ದಬ್ ಎಂದರೂ ಅನುಮಾನಿಸಿ. ಕೊಳೆತ ಹಲಗೆಯ ಮೇಲೆ, ಒದ್ದೆ ಇದ್ದಾಗಲೇ ಫೈಬರ್ ಹೊದಿಸಿ ಮುಚ್ಚುವವರಿದ್ದಾರೆ. ತೇವ ಒಳಗೇ ಸಿಕ್ಕಿಕೊಂಡು ಕೆಳಗಿನ ತೊಲೆಗೂ ಇಳಿಯುತ್ತದೆ. ಆ ಕೆಲಸಕ್ಕೆ ನೀವು ಕೈಹಚ್ಚಬೇಡಿ.

ಈಗ ಯೋಜನೆ. ಡೆಕ್ಕಿನ ನಕ್ಷೆ ಬರೆಯುವವರು ಸಾಮಾನಿನಿಂದ ಶುರು ಮಾಡುತ್ತಾರೆ: ವಿಂಚ್ ಇಲ್ಲಿ, ಟ್ಯಾಂಕು ಅಲ್ಲಿ, ಬುಟ್ಟಿಗಳು ಇನ್ನೊಂದು ಕಡೆ. ನಾನು ಹೇಳುವುದು ಬಲೆಯಿಂದ ಶುರು ಮಾಡಿ ಎಂದು. ಒಂದು ಎಳೆತದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿಕೊಳ್ಳಿ. ಗಂಟೆಗಟ್ಟಲೆ ಎಳೆದ ಮೇಲೆ ವಿಂಚ್ ತಿರುಗುತ್ತದೆ, ಎರಡು ವೈರ್ ರೋಪುಗಳು ಸುತ್ತಿಕೊಳ್ಳುತ್ತವೆ. ಬಲೆಯ ಬಾಯಿ ಅಗಲಿಸುವ ಎರಡು ಬೋರ್ಡುಗಳು ನೀರಿನಿಂದೆದ್ದು ಹಿಂದಿನ ಕಮಾನುಗಳಿಗೆ ಬಂದು ತಾಗುತ್ತವೆ, ಅಲ್ಲಿ ಅವನ್ನು ಕೊಂಡಿಗೆ ಸಿಕ್ಕಿಸಬೇಕು. ಬಲೆ ಒಳಗೆ ಬರುತ್ತದೆ. ಕೊನೆಗೆ ಮೀನು ತುಂಬಿದ ಚೀಲವನ್ನು ಕಂಬದ ರಾಟೆಯಿಂದ ಎತ್ತಿ, ಡೆಕ್ಕಿನ ಮೇಲೆ ತಂದು, ಅಡಿಯ ಗಂಟು ಬಿಚ್ಚುತ್ತಾರೆ. ರಾಣಿಮೀನು, ಬೊಂಡಾಸ್, ಸಿಗಡಿ, ಕಸ, ಕಲ್ಲು ಎಲ್ಲ ಒಟ್ಟಿಗೆ ಸುರಿಯುತ್ತದೆ. ಕೂತು ಆರಿಸಬೇಕು, ತೊಳೆಯಬೇಕು, ಬುಟ್ಟಿಗೆ ತುಂಬಬೇಕು, ಮುಚ್ಚಳ ತೆಗೆದು ಕೆಳಗಿರುವವರ ಕೈಗೆ ಕೊಡಬೇಕು. ಅಷ್ಟರಲ್ಲಿ ಬಲೆ ಮತ್ತೆ ನೀರಿಗಿಳಿಯಲು ಸಿದ್ಧವಾಗಿರಬೇಕು. ಈ ಕಥೆಯಲ್ಲಿ ಎರಡು ದಾರಿಗಳಿವೆ, ಬಲೆ ಹೋಗಿಬರುವ ದಾರಿ ಮತ್ತು ಮೀನು ಕೋಣೆಗಿಳಿಯುವ ದಾರಿ. ಇವು ಒಂದನ್ನೊಂದು ಅಡ್ಡಹಾಯದಂತೆ ನೋಡಿಕೊಳ್ಳುವುದೇ ಡೆಕ್ ಯೋಜನೆಯ ಅರ್ಧ ಕೆಲಸ.

ಇದನ್ನು ಕಾಗದದಲ್ಲಿ ಕಲಿಯುವುದು ಕಷ್ಟ. ಜಗಳೂರಿನ ಯಾವುದೇ ಶಾಲೆಯ ಮೈದಾನದಲ್ಲಿ ಕಲಿಯಬಹುದು, ಸಮುದ್ರ ಬೇಕಿಲ್ಲ. ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿಯಿಂದ 50 ಅಡಿ ಉದ್ದ, 15 ಅಡಿ ಅಗಲದ ಬೋಟನ್ನು ನಿಜ ಅಳತೆಯಲ್ಲೇ ಎಳೆಯಿರಿ. ಕ್ಯಾಬಿನ್ನಿಗೆ ಒಂದು ಚೌಕ, ವಿಂಚಿಗೆ ಒಂದು ಬೆಂಚು, ಮುಚ್ಚಳಕ್ಕೆ ಒಂದು ಗೋಣಿತಾಟು. ವಿಂಚಿನಿಂದ ಹಿಂಬದಿಯ ಎರಡು ಮೂಲೆಗಳಿಗೆ ಸೊಂಟದೆತ್ತರಕ್ಕೆ ಎರಡು ಹಗ್ಗ ಬಿಗಿಯಿರಿ. ಈಗ ಆರು ಜನ ಒಳಗಿಳಿದು, ತುಂಬಿದ ಬುಟ್ಟಿ ಹೊತ್ತು ಓಡಾಡಿ. ಹಗ್ಗ ದಾಟಲೇಬೇಕಾದ ಜಾಗ, ಇಬ್ಬರು ಡಿಕ್ಕಿ ಹೊಡೆಯುವ ಜಾಗ, ವಿಂಚ್ ಹಿಡಿದವನಿಗೆ ಹಿಂಬದಿ ಕಾಣದ ಜಾಗ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ನಿಜವಾದ ಬೋಟಿನಲ್ಲೂ ಇದನ್ನೇ ಮಾಡಿ: ಖಾಲಿ ಡೆಕ್ಕಿನ ಮೇಲೆ ಸೀಮೆಸುಣ್ಣದ ಗೆರೆ, ವಿಂಚಿನ ಬದಲು ಮರದ ಪೆಟ್ಟಿಗೆ. ಕಲಾಸಿಗಳನ್ನೇ ಕರೆದು ನಡೆಸಿ ನೋಡಿ. ಬೋಲ್ಟಿಗೆ ಒಂದು ತೂತನ್ನೂ ಕೊರೆಯುವ ಮುಂಚೆ.

ಆ ಬಿಗಿದ ಹಗ್ಗಗಳ ಬಗ್ಗೆ ಇನ್ನೊಂದು ಮಾತು. ಎಳೆತದಲ್ಲಿರುವ ವೈರ್ ರೋಪು ತುಂಡಾದರೆ ಚಾಟಿಯಂತೆ ಬೀಸುತ್ತದೆ. ವಿಂಚಿನಿಂದ ಹಿಂಬದಿಯ ರಾಟೆಯವರೆಗೆ ರೋಪು ಹೋಗುವ ಜಾಗವನ್ನೂ ಅದರ ಅಕ್ಕಪಕ್ಕವನ್ನೂ ಕೆಂಪು ಬಣ್ಣದಿಂದ ಗುರುತಿಸಿ, ಬಲೆ ಏಳುವಾಗ ಅಲ್ಲಿ ಯಾರೂ ನಿಲ್ಲದ ಹಾಗೆ ಉಳಿದದ್ದನ್ನು ಜೋಡಿಸಬೇಕು. ಮೀನು ಆರಿಸುವ ಜಾಗ, ಅಡುಗೆಗೆ ಹೋಗುವ ದಾರಿ, ಕುಡಿಯುವ ನೀರಿನ ಡ್ರಮ್ಮು ಯಾವುದೂ ಕೆಂಪಿನೊಳಗೆ ಬೇಡ. ವಿಂಚನ್ನು ನಿಲ್ಲಿಸುವ ಹಿಡಿಕೆ, ಹಿಂಬದಿಯನ್ನು ನೋಡುತ್ತಾ ನಿಂತವರ ಕೈಗೆ ಎಟುಕುವಂತಿರಲಿ. ಲುಂಗಿಯೋ ತೋಳೋ ಸಿಕ್ಕಿಕೊಂಡ ಮೇಲೆ ಸುತ್ತಿ ಬಂದು ನಿಲ್ಲಿಸುವಷ್ಟು ಹೊತ್ತು ಇರುವುದಿಲ್ಲ.

ನಕ್ಷೆ ಮೆಚ್ಚಿಗೆಯಾಯಿತು, ವಿಂಚನ್ನು ಎರಡಡಿ ಹಿಂದಕ್ಕೆ ತರಬೇಕು ಎನ್ನೋಣ. ಆಗ ಕೆಳಗಿಳಿದು ಡೆಕ್ಕಿನ ಅಡಿಯ ಅಡ್ಡತೊಲೆಗಳನ್ನು ನೋಡಬೇಕು. ವಿಂಚಿನ ಎಳೆತವನ್ನು ಹಲಗೆ ತಡೆಯುವುದಿಲ್ಲ, ತೊಲೆ ತಡೆಯುತ್ತದೆ. ಹಳೆಯ ವಿಂಚಿನ ಅಡಿಯಲ್ಲಿ ಆಚಾರಿಗಳು ಜೋಡಿತೊಲೆ ಹಾಕಿರುತ್ತಾರೆ, ಹೊಸ ಜಾಗದಲ್ಲಿ ಅದಿಲ್ಲ. ಮೀನಿನ ಕೋಣೆಯ ಬಾಯಿ ಅಗಲಿಸುವಾಗಲೂ ಅಷ್ಟೇ. ತೊಲೆ ಕತ್ತರಿಸಿದರೆ ಕತ್ತರಿಸಿದ ತುದಿಗಳನ್ನು ಹಿಡಿಯಲು ಉದ್ದಕ್ಕೆ ಮರ ಕೊಡಲೇಬೇಕು. ಇಲ್ಲದಿದ್ದರೆ ಬೋಟಿನ ಪಕ್ಕಗಳು ಬಿಡುತ್ತವೆ. ಆ ಬಾಯಿ ನಡುಗೆರೆಯ ಮೇಲೇ ಇರಲಿ. ಪಕ್ಕಕ್ಕಿದ್ದರೆ ಬೋಟು ಆ ಕಡೆ ವಾಲಿದಾಗ ಬೇಗ ನೀರು ಮುಟ್ಟುತ್ತದೆ. ಅದರ ಸುತ್ತಲ ಕಟ್ಟೆ ಮೊಣಕಾಲಿನಷ್ಟಾದರೂ ಎತ್ತರವಿರಲಿ. ಬುಟ್ಟಿ ಇಳಿಸಲು ತೊಂದರೆ ಎಂದು ಅದನ್ನು ತಗ್ಗಿಸಲು ಕೇಳುತ್ತಾರೆ. ಒಪ್ಪಬೇಡಿ.

ನೀರಿನ ಲೆಕ್ಕ ಹೊಸಬರನ್ನು ಬೆರಗುಗೊಳಿಸುತ್ತದೆ. 6 ಮೀಟರ್ ಉದ್ದ, 4 ಮೀಟರ್ ಅಗಲದ ಕೆಲಸದ ಡೆಕ್ಕಿನ ಮೇಲೆ ಅಲೆ ಬಿದ್ದು 15 ಸೆಂಟಿಮೀಟರ್ ನೀರು ನಿಂತಿತೆನ್ನಿ. ಗುಣಿಸಿದರೆ 3.6 ಘನ ಮೀಟರ್, ಅಂದರೆ 3.6 ಟನ್. ಅದೂ ಬೋಟಿನ ಅತಿ ಎತ್ತರದ ನೆಲದ ಮೇಲೆ, ಬೋಟು ವಾಲಿದ ಕಡೆಗೇ ಹರಿಯುವ ಭಾರ. ಆದ್ದರಿಂದ ಡೆಕ್ಕಿನ ನಡು ಸ್ವಲ್ಪ ಉಬ್ಬಿ, ಎರಡೂ ಪಕ್ಕಕ್ಕೆ ಇಳಿಜಾರಿರಬೇಕು, ಅಂಚಿನ ಗೋಡೆಯ ಬುಡದಲ್ಲಿ ನೀರು ಹೋಗುವ ಕಂಡಿಗಳು ಧಾರಾಳವಾಗಿರಬೇಕು. ನಕ್ಷೆಯಲ್ಲಿ ಕಂಡಿ ಇದ್ದರೆ ಸಾಲದು. ಅದರ ಮುಂದೆ ಬುಟ್ಟಿ ಜೋಡಿಸುವ ಜಾಗವನ್ನೂ ನೀವೇ ಕೊಟ್ಟಿದ್ದೀರಾ ನೋಡಿ. ಬಲೆಯ ರಾಶಿ ಕಂಡಿಗೆ ಅಡ್ಡ ಬೀಳದಂತೆ ಒಂದು ಸಣ್ಣ ಮರದ ತಡೆ ಬೇಕು. ಅಂಚಿನ ಗೋಡೆಯನ್ನೇ ತಗ್ಗಿಸಿ ನೀರು ಬಿಡುವುದು ದಾರಿಯಲ್ಲ. ಒಂದು ಮೀಟರ್ ಎತ್ತರ ಇಲ್ಲದಿದ್ದರೆ ಬೋಟು ಓಲಾಡುವಾಗ ಮನುಷ್ಯರೇ ಹೊರಗೆ ಬೀಳುತ್ತಾರೆ.

ಭಾರ ಎಲ್ಲಿದೆ ಎಂಬುದು ಕೊನೆಯ ಪಾಠ, ಹೆಚ್ಚು ಕಷ್ಟದ್ದೂ ಅದೇ. ಹೊರಡುವಾಗ ಬೋಟಿನ ಹೊಟ್ಟೆಯಲ್ಲಿ ಡೀಸೆಲ್, ಐಸು ತುಂಬಿರುತ್ತವೆ. 1,000 ಲೀಟರ್ ಡೀಸೆಲ್ ಅಂದರೆ ಸುಮಾರು 840 ಕಿಲೋ. ದಿನ ಕಳೆದಂತೆ ಡೀಸೆಲ್ ಉರಿದು ಮುಗಿಯುತ್ತದೆ, ಐಸು ಕರಗುತ್ತದೆ, ಕೆಳಗಿನ ಭಾರ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಡೆಕ್ಕಿನ ಮೇಲೆ ಒದ್ದೆ ಬಲೆ, ಕೋಣೆಯಲ್ಲಿ ಹಿಡಿಸದ ಮೀನು ಬರುತ್ತವೆ. ಕ್ಯಾಬಿನ್ ಮೇಲೆ 500 ಲೀಟರಿನ ನೀರಿನ ಟ್ಯಾಂಕು ಕೂರಿಸಿದ್ದರೆ ಅರ್ಧ ಟನ್ ಮೇಲಿದೆ. ಮೀನಿನ ಚೀಲ ಕಂಬದಿಂದ ತೂಗುವಾಗ ಅದರ ಪೂರ್ತಿ ಭಾರ ಕಂಬದ ತುದಿಯಲ್ಲಿದ್ದಂತೆಯೇ ಬೋಟು ವರ್ತಿಸುತ್ತದೆ, ಚೀಲ ಡೆಕ್ಕಿಗಿಂತ ಒಂದು ಗೇಣು ಮೇಲಿದ್ದರೂ. ಹಾಗಾಗಿ ಡೆಕ್ ಯೋಜಿಸುವಾಗ ಹೊರಡುವ ಬೋಟನ್ನಲ್ಲ, ಮರಳಿ ಬರುವ ಬೋಟನ್ನು ಕಣ್ಣಮುಂದೆ ಇಟ್ಟುಕೊಳ್ಳಿ. ನೀರಿನ ಟ್ಯಾಂಕು ಕೆಳಗಿಳಿಯಲಿ, ಹೆಚ್ಚುವರಿ ಬೋರ್ಡು, ಬಲೆ ದಡದಲ್ಲಿರಲಿ. ಕೆಳಗಿಳಿಸಬಾರದ್ದು ಒಂದೇ, ಅಡುಗೆಯ ಗ್ಯಾಸ್ ಸಿಲಿಂಡರು. ಅದರ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಎಂಜಿನ್ ಕೋಣೆಯ ತಳಕ್ಕಿಳಿದು ಕಿಡಿಗೆ ಕಾಯುತ್ತದೆ. ಸಿಲಿಂಡರು ಡೆಕ್ಕಿನ ಮೇಲೆ, ಗಾಳಿಯಾಡುವ ಕಡೆ, ಬಿಗಿದು ಕಟ್ಟಿರಲಿ. ಲೈಫ್ ಜಾಕೆಟ್ಟುಗಳನ್ನೂ ಕ್ಯಾಬಿನ್ನಿನ ಹಾಸಿಗೆಯ ಅಡಿಗೆ ತುರುಕದೆ ಹೊರಗಿನಿಂದ ಕೈಗೆ ಸಿಗುವಲ್ಲಿ ತೂಗಿಸಿ.

ಎಂಜಿನ್ನನ್ನೋ ಬೋಟಿನ ಅಳತೆಯನ್ನೋ ಬದಲಿಸಿದ್ದರೆ ನೀರಿಗಿಳಿಸುವ ಮುಂಚೆ ಮೀನುಗಾರಿಕೆ ಇಲಾಖೆಗೆ ತಿಳಿಸಬೇಕು, ನೋಂದಣಿ ಪತ್ರದಲ್ಲಿರುವುದಕ್ಕೂ ಬೋಟಿಗೂ ತಾಳೆ ಇರಬೇಕು.

ಇಳಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಬಂದರಿನ ನಿಂತ ನೀರಿನಲ್ಲಿ, ಹಗ್ಗ ಸಡಿಲಿಸಿ, ಮೂರು ನಾಲ್ಕು ಜನ ಒಂದು ಅಂಚಿನಲ್ಲಿ ಲಯಕ್ಕೆ ಸರಿಯಾಗಿ ಭಾರ ಹಾಕಿ ಬೋಟನ್ನು ತೂಗಾಡಿಸಿ, ಬಿಟ್ಟುಬಿಡಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಮತ್ತೆ ಅದೇ ಕಡೆಗೆ ಬರುವುದು ಒಂದು ಸುತ್ತು. ಹಲವು ಸುತ್ತು ಎಣಿಸಿ ಸರಾಸರಿ ತೆಗೆಯಿರಿ. ಸೆಕೆಂಡಿನ ಸಂಖ್ಯೆ ಬೋಟಿನ ಅಗಲದ ಮೀಟರಿಗಿಂತ ಕಡಿಮೆ ಇದ್ದರೆ, ಅಂದರೆ 4.5 ಮೀಟರ್ ಅಗಲದ ಬೋಟು 4.5 ಸೆಕೆಂಡಿನೊಳಗೆ ಸುತ್ತು ಮುಗಿಸಿದರೆ, ಸಾಮಾನ್ಯವಾಗಿ ಭಾರ ಸರಿಯಾದ ಕಡೆ ಇದೆ ಎಂದರ್ಥ. ಇದು ಸಣ್ಣ ಬೋಟುಗಳಿಗೆ ಬಳಸುವ ಅಂದಾಜು, ಪೂರ್ತಿ ಲೆಕ್ಕಕ್ಕೆ ತಜ್ಞರೇ ಬೇಕು. ಮೆಲ್ಲಗೆ, ಹಾಯಾಗಿ ತೂಗುವ ಬೋಟು ಹೊಸಬರಿಗೆ ಇಷ್ಟವಾಗುತ್ತದೆ. ಅನುಭವಿ ತಾಂಡೇಲರು ಅದಕ್ಕೇ ಹೆದರುತ್ತಾರೆ. ತಡವಾಗಿ ಏಳುವ ಬೋಟಿಗೆ ಮತ್ತೆ ಏಳುವ ಶಕ್ತಿ ಕಡಿಮೆ. ನಿಮ್ಮ ಬೋಟು ಹಾಗೆ ತೂಗಿದರೆ ಕ್ಯಾಬಿನ್ ಮೇಲಿನದನ್ನು ಒಂದೊಂದಾಗಿ ಇಳಿಸಿ, ಮತ್ತೆ ತೂಗಾಡಿಸಿ, ಮತ್ತೆ ಎಣಿಸಿ. ಆಗಸ್ಟ್ 1 ಹತ್ತಿರ ಬಂತೆಂದು ಎಣಿಕೆಯನ್ನು ಬಿಟ್ಟು ಹೊರಡಬೇಡಿ.