ಗೋಡೆಯೊಳಗಿನ ಹಳೆಯ ಕೇಬಲ್ಲು: ಇಟ್ಟುಕೊಳ್ಳುವದೋ, ಕಿತ್ತೆಸೆಯುವದೋ?

ಕಳೆದ ದೀಪಾವಳಿಯ ಸೂಟಿಯಲ್ಲಿ ನಾನು ಕಲಬುರಗಿಯಿಂದ ಕಮಲಾಪುರಕ್ಕೆ ಹೋದಾಗ ನಮ್ಮ ಮನೆಯಲ್ಲೊಂದು ವಾದ ನಡೆದಿತ್ತು. ಮುಂದಿನ ಪಡಸಾಲೆಗೆ ಇಂಟರ್‌ನೆಟ್ಟಿನ ಫೈಬರು ಬಂದು ಮುಟ್ಟಿತ್ತು. ಅಂಗಳ ದಾಟಿ ಹಿಂದಿನ ಕೋಣೆಯಲ್ಲಿ ಓದುವ ನನ್ನ ತಂಗಿಗೆ ಮಾತ್ರ ಅದು ಮುಟ್ಟಿರಲಿಲ್ಲ. ನಮ್ಮ ಕಡೆಯ ಹಳೆಯ ಮನೆಗಳ ಕಲ್ಲುಮಣ್ಣಿನ ಗೋಡೆಗಳು ಎಷ್ಟು ದಪ್ಪವೆಂಬುದು ವಾಚಕರಿಗೆ ಗೊತ್ತೇ ಇದೆ. ವೈ-ಫೈಯ ಅಲೆ ಅಂಥ ಎರಡು ಗೋಡೆಗಳನ್ನು ದಾಟುವಷ್ಟರಲ್ಲಿ ಸೋತುಹೋಗುವದು. ದ್ವಿತೀಯ ಪಿ.ಯು.ಸಿ.ಯ ಹುಡುಗಿ ತನ್ನ ಪಾಠಗಳನ್ನು ಅಂಗಳದ ಚಳಿಯಲ್ಲಿ ಕುಳಿತು ಕೇಳುತ್ತಿದ್ದಳು. ಹೊಸ ತಂತಿ ಎಳೆಯೋಣವೆಂದು ನಾನೆಂದೆ. ಅಪ್ಪ ಒಪ್ಪಲಿಲ್ಲ. “ಗ್ವಾಡ್ಯಾಗ ನಾ ಹಾಕಿದ ಕೇಬಲ್ ಅದ, ತಮ್ಮಾ. ಇನ್ನಾ ಗಟ್ಟಿ ಅದ. ಅದಕ್ಕೇ ಹಚ್ಚು” ಎಂದರು.

ನನ್ನ ತಂದೆ ಇಪ್ಪತ್ತು ವರ್ಷ ಕೇಬಲ್ ಟಿ.ವಿ.ಯ ಲೈನ್‌ಮನ್ ಆಗಿ ದುಡಿದವರು. ಊರಿನ ಕಂಬಕಂಬಕ್ಕೂ ಅವರ ಕೈ ತಾಗಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮೆಟ್ಟಿಲಿನ ಫೀಸು ಬಂದದ್ದು ಆ ಕೇಬಲ್ಲಿನಿಂದ. ಆದುದರಿಂದ ಅದನ್ನು ‘ಹಳೆಯದು, ಬಿಸಾಡಿ’ ಎನ್ನಲು ನನ್ನ ನಾಲಗೆ ಏಳಲಿಲ್ಲ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಓದಿದ್ದೇವೆ: ಹಿಂದೆ ಸುರಿದ ಹಣವೂ ಶ್ರಮವೂ ಮುಂದಿನ ನಿರ್ಣಯಕ್ಕೆ ಆಧಾರವಾಗಬಾರದು. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆಯುವದು ಸುಲಭ. ಅಪ್ಪನ ಎದುರಿಗೆ ನಿಂತು ಹೇಳುವದು ಸುಲಭವಲ್ಲ. ಹೀಗಾಗಿ ನಾನು ಕಲಾ ವಿಭಾಗದವನಾದರೂ ಈ ತಂತಿಯ ಗುಣವನ್ನು ಅಭ್ಯಾಸ ಮಾಡಬೇಕಾಯಿತು.

ಈ ಕೇಬಲ್ಲಿಗೆ ‘ಕೋಆಕ್ಸಿಯಲ್’ ಎಂದು ಹೆಸರು. ನಡುವೆ ಒಂದು ತಾಮ್ರದ ಅಥವಾ ತಾಮ್ರ ಬಳಿದ ಉಕ್ಕಿನ ತಂತಿ, ಅದರ ಸುತ್ತ ಬಿಳಿಯ ಪ್ಲಾಸ್ಟಿಕ್ಕು, ಅದರ ಮೇಲೆ ಲೋಹದ ಹೆಣಿಗೆಯ ಕವಚ, ಎಲ್ಲಕ್ಕೂ ಹೊರಗೆ ಕರಿಯ ಸಿಪ್ಪೆ. ಕವಚವಿರುವದರಿಂದ ಒಳಗಿನ ಸಂಕೇತ ಹೊರಗೆ ಸೋರದು, ಹೊರಗಿನ ಗದ್ದಲ ಒಳಗೆ ಬಾರದು. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಎಂಬವರು ೧೮೮೦ರಲ್ಲೇ ಇದಕ್ಕೆ ಪೇಟೆಂಟು ಪಡೆದಿದ್ದರು. ನಮ್ಮ ಜಿಲ್ಲೆಗೆ ಟಿ.ವಿ. ಬಂದದ್ದಾದರೋ ಕೇಬಲ್ಲಿನಿಂದಲ್ಲ, ಆಕಾಶದಿಂದ. ೧೯೭೫-೭೬ರ ಉಪಗ್ರಹ ಪ್ರಯೋಗಕ್ಕೆ ಆರಿಸಿದ ದೇಶದ ೨೪೦೦ ಹಳ್ಳಿಗಳಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯ ಹಳ್ಳಿಗಳೂ ಇದ್ದವು. ಕೇಬಲ್ಲಿನ ಕಾಲ ೧೯೯೦ರ ನಂತರದ್ದು. ಅದಕ್ಕೊಂದು ಕಾಯಿದೆ ಬಂದದ್ದು ೧೯೯೫ರಲ್ಲಿ.

ಇಂಥ ಕೇಬಲ್ಲಿನಲ್ಲಿ ಇಂಟರ್‌ನೆಟ್ಟು ಹರಿಯಲಾರದೆಂಬ ಮಾತು ಸುಳ್ಳು. ‘ಡಾಕ್ಸಿಸ್’ ಎಂಬ ಪದ್ಧತಿ ೧೯೯೭ರಲ್ಲಿಯೇ ಸಿದ್ಧವಾಯಿತು; ಅಮೆರಿಕದ ಅನೇಕ ಮನೆಗಳಿಗೆ ಇಂದಿಗೂ ಇಂಟರ್‌ನೆಟ್ಟು ಬರುವದು ಈ ದಾರಿಯಿಂದಲೇ. ಹಾಗಾದರೆ ನಮ್ಮ ಬೀದಿಯ ಹಳೆಯ ಲೈನಿನಲ್ಲಿ ಏಕೆ ಬಾರದು? ಟಿ.ವಿ.ಯ ಲೈನು ಒಂದೇ ದಿಕ್ಕಿನದು. ಕಂಬದ ಮೇಲಿನ ಆಂಪ್ಲಿಫೈಯರುಗಳು ಮನೆಯ ಕಡೆಗೆ ಕೂಗುತ್ತವೆಯೇ ಹೊರತು ಮನೆಯ ಮಾತನ್ನು ಹಿಂದಕ್ಕೆ ಒಯ್ಯವು. ಅವನ್ನೆಲ್ಲ ಬದಲಿಸಿದರೂ, ಸಡಿಲಾದ ಪ್ರತಿಯೊಂದು ಜೋಡಣೆಯಿಂದ ನುಗ್ಗುವ ಮೋಟಾರು ಮಿಕ್ಸರುಗಳ ಗದ್ದಲ, ನೂರು ಮನೆಗಳದ್ದು ಕೂಡಿ, ಕೇಂದ್ರಕ್ಕೆ ಹೋಗಿ ಸುರಿಯುವದು. ಮೇಲಾಗಿ ಕರೆಂಟು ಹೋದರೆ ಆಂಪ್ಲಿಫೈಯರಿನ ಕಥೆ ಮುಗಿಯಿತು. ಫೈಬರಿಗಾದರೆ ದಾರಿಯಲ್ಲಿ ಕರೆಂಟೇ ಬೇಡ, ೨೦ ಕಿಲೋಮೀಟರಿನವರೆಗೂ ಹೋಗುವದು. ಬೀದಿಯ ಹಳೆಯ ಲೈನನ್ನು ಮತ್ತೆ ಉಪಯೋಗಿಸುವ ಮಾತು ಇಲ್ಲಿಗೆ ಮುಗಿಯಿತೆಂದೇ ನನ್ನ ಅಭಿಪ್ರಾಯ. ಅಪ್ಪನೂ ಇದನ್ನು ತಕ್ಷಣ ಒಪ್ಪಿದರು; ಆ ಆಂಪ್ಲಿಫೈಯರುಗಳ ಕಾಟವನ್ನು ಮಳೆಯಲ್ಲಿ ತಿಂದವರು ಅವರೇ.

ಆದರೆ ಮನೆಯೊಳಗಿನ ತುಂಡಿನ ಮಾತು ಬೇರೆ. ಅಲ್ಲಿ ಆಂಪ್ಲಿಫೈಯರೂ ಇಲ್ಲ, ನೆರೆಮನೆಯ ಗದ್ದಲವೂ ಇಲ್ಲ. ಎರಡು ತುದಿಗೆ ‘ಮೋಕಾ’ ಎಂಬ ಪದ್ಧತಿಯ ಒಂದೊಂದು ಅಡಾಪ್ಟರು ಕೂಡ್ರಿಸಿದರೆ ಈ ಕೇಬಲ್ಲಿನಲ್ಲೇ ಸೆಕೆಂಡಿಗೆ ೨.೫ ಗಿಗಾಬಿಟ್ಟಿನವರೆಗೆ ಹರಿಯಬಲ್ಲದು. ಲೆಕ್ಕ ಹಾಕಿ ನೋಡಿದೆ. ೧೦೦೦ ಮೆಗಾಹರ್ಟ್ಸಿನಲ್ಲಿ ಆರ್.ಜಿ. ೬ ಜಾತಿಯ ಕೇಬಲ್ಲು ೧೦೦ ಮೀಟರಿಗೆ ಸುಮಾರು ೨೦ ಡೆಸಿಬೆಲ್ ನುಂಗುವದು; ನಮ್ಮ ೨೦ ಮೀಟರಿಗೆ ೪ ಡೆಸಿಬೆಲ್, ಅಂದರೆ ನೂರರಲ್ಲಿ ನಲವತ್ತು ಪಾಲು ಉಳಿಯುವದು. ತೆಳ್ಳಗಿನ ಆರ್.ಜಿ. ೫೯ ಆದರೆ ಮೂವತ್ತರಷ್ಟು. ಎರಡೂ ಸಾಕಾಗುತ್ತವೆ. ನಡುವೆ ಒಂದು ಸ್ಪ್ಲಿಟರ್ ಇದ್ದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಹೋಗುವದು, ಅದನ್ನು ತೆಗೆದುಹಾಕತಕ್ಕದ್ದು. ಛಾವಣಿಯ ಡಿ.ಟಿ.ಎಚ್. ತಟ್ಟೆಯಿಂದ ಇಳಿದ ಕೇಬಲ್ಲಿಗಂತೂ ಈ ಅಡಾಪ್ಟರನ್ನು ಹಚ್ಚಲೇಬಾರದು. ತಟ್ಟೆಯ ಕಡೆಗೆ ೧೩ ಅಥವಾ ೧೮ ವೋಲ್ಟು ಅದರಲ್ಲಿಯೇ ಹೋಗುತ್ತಿರುವದು, ಎರಡರ ತರಂಗಗಳೂ ಒಂದರ ಮೇಲೊಂದು ಬೀಳುವವು.

ಲೆಕ್ಕ ಅಪ್ಪನ ಪಕ್ಷಕ್ಕೇ ಬಂತು. ಅವರು ಮೀಟರು ಹಚ್ಚಿದರು. ಅದು ‘ಟುಂಯ್’ ಎಂದಿತು. “ನೋಡು, ಜೀವ ಅದ” ಎಂದು ನಕ್ಕರು. ಆದರೆ ಮೀಟರು ಹೇಳುವದು ತಂತಿ ತುಂಡಾಗಿಲ್ಲವೆಂಬುದನ್ನು ಮಾತ್ರ. ಸಾವಿರ ಮೆಗಾಹರ್ಟ್ಸಿನ ಸಂಕೇತದ ಗತಿಯೇನೆಂಬುದು ಅದಕ್ಕೆ ತಿಳಿಯದು. ಅಂಗಳದ ಮೂಲೆಯಲ್ಲಿ, ಬಚ್ಚಲಿನ ಪಕ್ಕಕ್ಕೆ, ಎರಡು ತುಂಡುಗಳನ್ನು ಕೂಡಿಸಿದ ಒಂದು ಜೋಡಣೆ ಇತ್ತು. ಬಿಚ್ಚಿ ನೋಡೋಣವೆಂದೆ. ಅಪ್ಪನೇ ಬಿಚ್ಚಿದರು. ಒಳಗೆ ನೀರು ಇಳಿದು ಹೆಣಿಗೆಯೆಲ್ಲ ಪುಡಿಯಾಗಿತ್ತು, ನಡುವಿನ ತಂತಿ ಹಸಿರುಗಟ್ಟಿತ್ತು. ಬ್ಲೇಡಿನಿಂದ ಒಂದು ಗೇಣು ಹಿಂದಕ್ಕೆ ಸೀಳಿದರು, ಅಲ್ಲಿಯೂ ಹಾಗೆಯೇ. ಇನ್ನೊಂದು ಗೇಣು ಸೀಳಿದರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ “ಇದು ಹೋತು” ಎಂದರು.

ಅಡಾಪ್ಟರುಗಳಾದರೂ ಸುಲಭವಾಗಿ ಸಿಕ್ಕುವವಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ನಾನು ವಿಚಾರಿಸಿದ ಎರಡು ಅಂಗಡಿಗಳವರು ಆ ಹೆಸರನ್ನೇ ಕೇಳಿರಲಿಲ್ಲ. ಕ್ಯಾಟ್-೬ ತಂತಿ ಮಾತ್ರ ಬೇಕಾದಷ್ಟಿತ್ತು. ೧೦೦ ಮೀಟರಿನವರೆಗೆ ಅದು ಒಂದು ಗಿಗಾಬಿಟ್ಟನ್ನು ನಿರಾಯಾಸವಾಗಿ ಒಯ್ಯುವದು, ಅಡಾಪ್ಟರಿನ ಗೊಡವೆಯೂ ಇಲ್ಲ. ಮೊದಲೇ ಇಪ್ಪತ್ತೈದು ಮೀಟರು ತಂದಿಟ್ಟಿದ್ದೆ, ಅಪ್ಪನಿಗೆ ಹೇಳಿರಲಿಲ್ಲ.

ಇನ್ನು ಉಳಿದದ್ದು ಗೋಡೆ ಒಡೆಯುವ ಪ್ರಶ್ನೆ. ಇಲ್ಲಿ ನನ್ನ ಓದಿಗೆ ಹೊಳೆಯದ್ದು ಅಪ್ಪನ ಕೈಗೆ ಹೊಳೆಯಿತು. ಅವರು ಅಂದು ಕೇಬಲ್ಲನ್ನು ಗಿಲಾವಿನಲ್ಲಿ ಹೂಳದೆ, ಗೋಡೆಯಲ್ಲಿಯೂ ಫರಸಿಯ ಕೆಳಗೂ ಪ್ಲಾಸ್ಟಿಕ್ ಪೈಪಿನೊಳಗೆ ಹಾಯಿಸಿದ್ದರು. ಹಳೆಯ ಕೇಬಲ್ಲಿನ ತುದಿಗೆ ಹೊಸ ತಂತಿಯನ್ನು ಬಿಗಿದು ಕಟ್ಟಿ, ಮೇಲೆ ಟೇಪು ಸುತ್ತಿ, ನನ್ನನ್ನು ಅಂಗಳದ ತುದಿಗೆ ನಿಲ್ಲಿಸಿ “ಜಗ್ಗು, ಮೆಲ್ಲಕ ಜಗ್ಗು” ಎಂದರು. ತಿರುವಿನಲ್ಲಿ ಒಮ್ಮೆ ಸಿಕ್ಕಿತು. ಪೈಪಿನೊಳಗೆ ಸಾಬೂನಿನ ನೀರು ಬಿಟ್ಟರು, ಸಡಿಲಾಯಿತು. ಆ ಮೂಲೆಯಲ್ಲಿ ಮತ್ತೆ ಜೋಡಣೆ ಬೇಡವೆಂದು, ಹಿಂದಿನ ಕೋಣೆಯವರೆಗೆ ಒಂದೇ ಅಖಂಡ ತಂತಿಯನ್ನು ಎಳೆಸಿದರು. ಕೇಬಲ್ಲು ಕೇಬಲ್ಲಾಗಿ ಉಪಯೋಗಕ್ಕೆ ಬರಲಿಲ್ಲ, ಹಗ್ಗವಾಗಿ ಬಂತು.

ಅದೇ ಸಂಜೆ ತಂಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಪಾಠ ಕೇಳಿದಳು. ಹಳೆಯ ಕೇಬಲ್ಲಿನ ಸುರುಳಿ ಪಡಸಾಲೆಯ ಗೂಟಕ್ಕೆ ತೂಗಿದೆ. ಗುಜರಿಯವನು ಎರಡು ಸಲ ಕೇಳಿ ಹೋಗಿದ್ದಾನೆ. ಅಪ್ಪ ಇನ್ನೂ ಕೊಟ್ಟಿಲ್ಲ.