24ರಿಂದ ಭಾಗಿಸಿ ನೋಡಲಿ

ಐದು, ಆರನೆಯ ತರಗತಿಗೆ ಬಂದ ಮಕ್ಕಳು ಅವಿಭಾಜ್ಯ ಸಂಖ್ಯೆಗಳನ್ನು ಬಾಯಿಪಾಠ ಮಾಡುತ್ತಾರೆ: 2, 3, 5, 7, 11, 13... ಮಲ್ಲಸಮುದ್ರದ ಪೋಷಕರೇ, ನೂರರೊಳಗಿನ ಇಪ್ಪತ್ತೈದನ್ನೂ ಮಗು ಒಪ್ಪಿಸಿತೆಂದರೆ ಪಾಠ ಮುಗಿಯಿತು ಎಂದುಕೊಳ್ಳಬೇಡಿ. ಈ ಸಂಖ್ಯೆಗಳ ರುಚಿ ಹತ್ತುವುದು ಅವುಗಳಿಂದ ಹೊಸ ಸಾಲು ಕಟ್ಟತೊಡಗಿದಾಗ.

ಒಂದು ಸಂಜೆ ಪಾಟಿ ಕೊಟ್ಟು ಹೀಗೆ ಮಾಡಿಸಿ. 5ರಿಂದ ಶುರು. ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 1 ಕಳೆದು, 24ರಿಂದ ಭಾಗಿಸಲಿ. 5ಕ್ಕೆ 25 ಬಂದು 24 ಆಗುತ್ತದೆ, ಭಾಗಲಬ್ಧ 1. 7ಕ್ಕೆ 48, ಭಾಗಲಬ್ಧ 2. 11ಕ್ಕೆ 120, ಭಾಗಲಬ್ಧ 5. ಮುಂದಿನ ಅವಿಭಾಜ್ಯಗಳಿಗೆ 7, 12, 15, 22. ಒಮ್ಮೆಯೂ ಶೇಷ ಉಳಿಯದು. "ಯಾಕ ಹಿಂಗ ಬರ್ತದ?" ಎಂದು ಕೇಳಿ, ಸುಮ್ಮನೆ ಕೂತಿರಿ. ಅವಸರದಲ್ಲಿ ಉತ್ತರ ಹೇಳಿಬಿಟ್ಟರೆ ಮಗುವಿನ ಅರ್ಧ ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಕಾರಣ ಇರುವುದು ಅಪವರ್ತನಗಳಲ್ಲಿ. 11ರ ವರ್ಗದಲ್ಲಿ 1 ಕಳೆದರೆ ಸಿಗುವ 120 ಎಂದರೆ 10×12, ಅಂದರೆ 11ರ ಅಕ್ಕಪಕ್ಕದ ಸಂಖ್ಯೆಗಳ ಗುಣಲಬ್ಧ. ಎರಡೂ ಸಮ ಸಂಖ್ಯೆ, ಅವುಗಳಲ್ಲಿ ಒಂದು 4ರಿಂದಲೂ ಭಾಗವಾಗುತ್ತದೆ. ಹಾಗಾಗಿ ಗುಣಲಬ್ಧದಲ್ಲಿ 8 ಇದ್ದೇ ಇರುತ್ತದೆ. ಸಾಲಾಗಿ ಬರುವ ಮೂರು ಸಂಖ್ಯೆಗಳಲ್ಲಿ ಒಂದು 3ರಿಂದ ಭಾಗವಾಗಲೇಬೇಕು. ನಡುವಿನದು ಅವಿಭಾಜ್ಯ, ಆದ್ದರಿಂದ 3ರಿಂದ ಭಾಗವಾಗುವುದು ಪಕ್ಕದ್ದೇ. 8×3, 24. ಆದರೆ 25 ಅವಿಭಾಜ್ಯವಲ್ಲದಿದ್ದರೂ 624 ಕೂಡ 24ರಿಂದ ಭಾಗವಾಗುತ್ತದೆ. ಇದು ಅವಿಭಾಜ್ಯವನ್ನು ಗುರುತಿಸುವ ಪರೀಕ್ಷೆಯಲ್ಲ ಎಂಬುದನ್ನೂ ಮಗು ಕಾಣಲಿ.

ಇಂಥ ಕುತೂಹಲ ನಮ್ಮ ನಾಡಿಗೆ ಹೊಸದೇನಲ್ಲ. ಕವಿರಾಜಮಾರ್ಗ ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಹೆಸರಿಸುವ ಪುಲಿಗೆರೆ ನಿಮ್ಮ ಲಕ್ಷ್ಮೇಶ್ವರವೇ. ಆ ಗ್ರಂಥ ಹುಟ್ಟಿದ ನೃಪತುಂಗನ ಕಾಲದಲ್ಲೇ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಕೊರಳ ಹಾರದಂತೆ ಅಂಕಿಗಳು ಪೋಣಿಸಿಕೊಳ್ಳುವ ಗುಣಾಕಾರಗಳಿವೆ: 152207ನ್ನು 73ರಿಂದ ಗುಣಿಸಿದರೆ 11111111. ಎಂಟು ಒಂದುಗಳು!

ಮಕ್ಕಳಿಗೆ ಇದನ್ನೂ ಕೊಟ್ಟು, 152207 ಯಾವ ಅವಿಭಾಜ್ಯಗಳ ಗುಣಲಬ್ಧ ಎಂದು ಕೇಳಿ. ನಿಮಗೇ ಉತ್ತರ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ಜೊತೆಗೆ ಕೂತು ಭಾಗಾಕಾರ ಮಾಡಿ. 152207ನ್ನು 11ರಿಂದ ಭಾಗಿಸಿದರೆ 13837, ಅದನ್ನು 101ರಿಂದ ಭಾಗಿಸಿದರೆ 137. ಈ 137 ಅವಿಭಾಜ್ಯ ಹೌದೋ ಅಲ್ಲವೋ ತಿಳಿಯಲು 2, 3, 5, 7, 11ರಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು.