ಕೋವಿಗೂ ಮೊದಲು ಕಾಗದ: ಬೇಟೆ, ಬೆಳೆ ಮತ್ತು ಕಾನೂನು

2017ರ ಅಕ್ಟೋಬರಿನಲ್ಲಿ ವಾರ್ಧಾ ಜಿಲ್ಲೆಯ ಹೊಲವೊಂದರಲ್ಲಿ ಹೆಣ್ಣುಹುಲಿಯೊಂದು ಸತ್ತು ಬಿದ್ದಿತ್ತು. ಬ್ರಹ್ಮಪುರಿಯಲ್ಲಿ ಹಿಡಿದು ಬೋರ್ ಹುಲಿ ಸಂರಕ್ಷಿತ ಪ್ರದೇಶಕ್ಕೆ ಬಿಟ್ಟಿದ್ದ ಹುಲಿ ಅದು. ಜನರ ಮೇಲೆ ಎರಗಿತೆಂದು ಅದಕ್ಕೆ ಗುಂಡಿಕ್ಕುವ ಆದೇಶ ಹೊರಟಿತ್ತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಆ ಆದೇಶವನ್ನು ತಡೆಯಲು ಒಪ್ಪದೆ ಕೆಲವೇ ದಿನಗಳಾಗಿದ್ದವು. ಆದರೆ ಹುಲಿಯ ಜೀವ ಹೋದದ್ದು ಇಲಾಖೆಯ ಗುಂಡಿನಿಂದಲ್ಲ, ಬೆಳೆ ಕಾಯಲು ಯಾರೋ ಬೇಲಿಗೆ ಹರಿಸಿದ್ದ ಕರೆಂಟಿನಿಂದ.

ಮರುವರ್ಷ ಯವತ್ಮಾಳ ಜಿಲ್ಲೆಯ ಪಾಂಢರಕವಡಾ ಭಾಗದ ಟಿ-1 ಹುಲಿಯ ಸರದಿ. ‘ಅವನಿ’ ಎಂದು ದೇಶಕ್ಕೆಲ್ಲ ಪರಿಚಯವಾದ ಈ ಹುಲಿ 13 ಜನರ ಸಾವಿಗೆ ಕಾರಣ ಎಂದು ಅರಣ್ಯ ಇಲಾಖೆ ಹೇಳಿತ್ತು. ವನ್ಯಜೀವಿ ಪ್ರಿಯರು ನಾಗಪುರ ಪೀಠದ ಮೆಟ್ಟಿಲು ಹತ್ತಿದರು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋದರು. 2018ರ ಸೆಪ್ಟೆಂಬರಿನಲ್ಲಿ ಎರಡೂ ಕಡೆ ಅರ್ಜಿ ಬಿದ್ದುಹೋಯಿತು. ಮೊದಲು ಅರಿವಳಿಕೆ ಕೊಟ್ಟು ಹಿಡಿಯಲು ಯತ್ನಿಸಬೇಕು, ಸಾಧ್ಯವಾಗದಿದ್ದರೆ ಮಾತ್ರ ಗುಂಡು ಎಂಬುದು ಆದೇಶದಲ್ಲಿದ್ದ ಕ್ರಮ. ನವೆಂಬರ್ 2ರ ರಾತ್ರಿ ಹುಲಿ ಗುಂಡಿಗೆ ಬಲಿಯಾಯಿತು. ಆ ಕ್ರಮ ಪಾಲನೆಯಾಯಿತೇ ಎಂಬ ಪ್ರಶ್ನೆ ಮರುದಿನವೇ ಎದ್ದಿತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಕಳುಹಿಸಿದ ತನಿಖಾ ತಂಡ ಕಾರ್ಯಾಚರಣೆಯಲ್ಲಿ ನಿಯಮ ಮೀರಲಾಗಿದೆ ಎಂದು ವರದಿ ಕೊಟ್ಟಿತು.

ಪೆಂಚ್, ತಾಡೋಬಾ, ಬೋರ್, ಉಮರೇಡ್ ಕಾಡುಗಳ ನಡುವೆ ಇರುವ ನಾಗಪುರದಲ್ಲಿ ಬೇಟೆಯ ಪ್ರಶ್ನೆ ದಿನಪತ್ರಿಕೆಯ ಸುದ್ದಿ. ಮಹಾರಾಷ್ಟ್ರದ ಅರಣ್ಯ ಇಲಾಖೆಯ ಕೇಂದ್ರ ಕಚೇರಿ ವನಭವನ ಇರುವುದೂ ಇಲ್ಲೇ. ಇಲ್ಲಿ ನೆಲೆಸಿದ ಕನ್ನಡಿಗರಿಗೂ, ಮಲೆನಾಡು, ಕೊಡಗು, ಚಾಮರಾಜನಗರದ ರೈತರಿಗೂ ಅನ್ವಯಿಸುವ ಕಾನೂನು ಒಂದೇ: ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972. ಕಾಡುಪ್ರಾಣಿಯನ್ನು ಕೊಲ್ಲುವ ಅಧಿಕಾರವನ್ನು ಈ ಕಾಯ್ದೆ ಕೋವಿ ಇರುವವರಿಗೂ ಜಮೀನು ಇರುವವರಿಗೂ ಕೊಟ್ಟಿಲ್ಲ. ಅದನ್ನು ಕಾರಣ ಬರೆದ ಒಂದು ಆದೇಶಕ್ಕೆ ಕಟ್ಟಿಹಾಕಿದೆ. ಆ ಆದೇಶ ಕೇಳುವುದು, ಪ್ರಶ್ನಿಸುವುದು, ನಷ್ಟಕ್ಕೆ ಪರಿಹಾರ ಪಡೆಯುವುದು ನಾಗರಿಕನ ಪಾಲಿಗೆ ಉಳಿದ ದಾರಿ.

ಯಾವುದು ಬೇಟೆ?

ಗುಂಡು ಹಾರಿಸಿ ಕೊಂದರೆ ಮಾತ್ರ ಬೇಟೆ ಎಂದುಕೊಂಡವರು ಬಹಳ ಮಂದಿ. ಕಾಯ್ದೆಯ 2ನೇ ಕಲಮಿನ ವ್ಯಾಖ್ಯೆ ಇದಕ್ಕಿಂತ ಬಹಳ ವಿಸ್ತಾರವಾದದ್ದು. ವಿಷವಿಕ್ಕುವುದು, ಉರುಳು ಹಾಕುವುದು, ಬಲೆ ಬೀಸುವುದು, ನಾಯಿ ಬಿಟ್ಟು ಅಟ್ಟುವುದು, ಎರೆ ಇಟ್ಟು ಕಾಯುವುದು, ಗಾಯಗೊಳಿಸುವುದು, ಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕೆಡಿಸುವುದು ಎಲ್ಲವೂ ಬೇಟೆಯೇ. ಇವುಗಳಲ್ಲಿ ಯಾವುದಕ್ಕೆ ಯತ್ನಿಸಿದರೂ ಅದು ಬೇಟೆ. ಉರುಳಿಗೆ ಏನೂ ಬೀಳದಿದ್ದರೂ ಅದನ್ನು ಹಾಕಿದವನು ಅಪರಾಧಿಯಾಗಬಹುದು.

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕಾಯ್ದೆಯ 1 ಮತ್ತು 2ನೇ ಅನುಸೂಚಿಯಲ್ಲಿರುವ ಯಾವ ಪ್ರಾಣಿಯನ್ನೂ ಬೇಟೆಯಾಡುವಂತಿಲ್ಲ. ಹುಲಿ, ಚಿರತೆ, ಆನೆ, ಕರಡಿ, ಕಾಟಿ, ಕೃಷ್ಣಮೃಗ, ನವಿಲು 1ನೇ ಅನುಸೂಚಿಯಲ್ಲಿವೆ. ರೈತರು ಹೆಚ್ಚು ದೂರುವ ಕಾಡುಹಂದಿ ಮತ್ತು ವಿದರ್ಭದವರು ‘ರೋಹಿ’ ಎನ್ನುವ ನೀಲಗಾಯಿ 2ನೇ ಅನುಸೂಚಿಯಲ್ಲಿವೆ. ಈ ವ್ಯತ್ಯಾಸ ಮುಂದಿನ ಎಲ್ಲಕ್ಕೂ ಮುಖ್ಯ.

ಅನುಮತಿ ಯಾರ ಕೈಯಲ್ಲಿ?

11ನೇ ಕಲಮು ಇದನ್ನು ನಿರ್ಧರಿಸುತ್ತದೆ. 1ನೇ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದ್ದರೆ ಅಥವಾ ಗುಣವಾಗದಷ್ಟು ಗಾಯ, ರೋಗದಿಂದ ನರಳುತ್ತಿದ್ದರೆ ಮಾತ್ರ ಬೇಟೆಗೆ ಅನುಮತಿ ಕೊಡಬಹುದು. ಕೊಡಬೇಕಾದವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಆದೇಶ ಲಿಖಿತವಾಗಿರಬೇಕು, ಕಾರಣ ಹೇಳಿರಬೇಕು. ಹಿಡಿಯುವುದು, ಅರಿವಳಿಕೆ ಕೊಡುವುದು, ಬೇರೆಡೆಗೆ ಸಾಗಿಸುವುದು ಇವು ಯಾವುವೂ ಸಾಧ್ಯವಿಲ್ಲ ಎಂದು ಮನವರಿಕೆಯಾಗದೆ ಕೊಲ್ಲಲು ಹೇಳುವಂತಿಲ್ಲ. ಬೆಳೆ ತಿಂದಿತು, ದನ ಹಿಡಿಯಿತು ಎಂಬ ಕಾರಣಕ್ಕೆ ಹುಲಿ, ಚಿರತೆಗೆ ಗುಂಡಿಕ್ಕಲು ಕಾಯ್ದೆಯಲ್ಲಿ ಜಾಗವಿಲ್ಲ.

2ನೇ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯ ಎಂಬುದೂ ಕಾರಣವಾಗಬಹುದು. ಪರಿಪಾಲಕರು ಅಧಿಕಾರ ಕೊಟ್ಟ ಇತರ ಅಧಿಕಾರಿಯೂ ಅನುಮತಿ ನೀಡಬಹುದು. ಬೆಳೆ ಹಾಳುಮಾಡುವ ಕಾಡುಹಂದಿ, ನೀಲಗಾಯಿಗಳ ಮಟ್ಟಿಗೆ ಮಹಾರಾಷ್ಟ್ರ ಈ ಅಧಿಕಾರವನ್ನು ವಲಯ ಅರಣ್ಯಾಧಿಕಾರಿಯ ಮಟ್ಟಕ್ಕೆ ಇಳಿಸಿದೆ. ಕೇರಳ 2022ರಲ್ಲಿ ಕಾಡುಹಂದಿಯ ಬಗ್ಗೆ ನಿರ್ಧರಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಕೊಟ್ಟಿತು, ಆದರೆ ವಿಷ, ಸ್ಫೋಟಕ, ವಿದ್ಯುತ್ ಬಳಸಬಾರದೆಂದು ಷರತ್ತು ವಿಧಿಸಿತು. 62ನೇ ಕಲಮಿನಂತೆ ಕೇಂದ್ರ ಸರ್ಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ 2ನೇ ಅನುಸೂಚಿಯ ಪ್ರಾಣಿಯನ್ನು ‘ಉಪದ್ರವಿ’ ಎಂದು ಘೋಷಿಸಬಹುದು. 2015ರ ಕೊನೆಯಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯಿ, ಕಾಡುಹಂದಿಗೆ ಹೀಗೆ ಮಾಡಲಾಗಿತ್ತು. ಅಂಥ ಘೋಷಣೆ ಬೇರೆ ರಾಜ್ಯದಲ್ಲಿ ಆಗಿದ್ದರೆ ನಮ್ಮ ಊರಿಗೆ ಅನ್ವಯಿಸುವುದಿಲ್ಲ.

ಅರ್ಜಿ ಹಾಕುವುದು ಹೇಗೆ?

ವಲಯ ಅರಣ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಸರ್ವೆ ನಂಬರು, ಬೆಳೆ, ಹಾನಿಯಾದ ದಿನಾಂಕ, ಪ್ರಾಣಿಯ ಹೆಸರು, ಹೆಜ್ಜೆಗುರುತು ಮತ್ತು ಹಾನಿಯ ಫೋಟೊ, ಪಹಣಿಯ ಪ್ರತಿ ಇರಲಿ. ಮಹಾರಾಷ್ಟ್ರದಲ್ಲಾದರೆ ಪಹಣಿಯ ಬದಲು ‘ಸಾತ್‌ಬಾರಾ’ ಉತಾರ. ಸ್ವೀಕೃತಿ ಪಡೆಯದೆ ಬರಬೇಡಿ. ಅನುಮತಿ ಸಿಕ್ಕರೆ ಯಾವ ಪ್ರಾಣಿ, ಯಾವ ಜಾಗ, ಎಷ್ಟು ದಿನ, ಯಾರು ಗುಂಡು ಹಾರಿಸಬೇಕು ಎಂಬುದನ್ನು ಆದೇಶದಲ್ಲೇ ಓದಿಕೊಳ್ಳಿ. ಹೊಲಕ್ಕೆ ಕೊಟ್ಟ ಅನುಮತಿ ಪಕ್ಕದ ಮೀಸಲು ಅರಣ್ಯದೊಳಗೆ ನಡೆಯದು. ‘ಸಾಹೇಬರು ಬಾಯಿಮಾತಲ್ಲಿ ಹೂಂ ಅಂದಿದ್ರು’ ಎಂಬ ಸಮರ್ಥನೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ.

ಪ್ರಾಣಿ ಮೈಮೇಲೆ ಬಂದರೆ?

ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಕಾಡುಪ್ರಾಣಿಯನ್ನು ಕೊಂದರೆ, ಗಾಯಗೊಳಿಸಿದರೆ ಅಪರಾಧವಲ್ಲ. ಇದಕ್ಕೆ ಒಂದು ಕಟ್ಟುಪಾಡಿದೆ. ಆ ಹೊತ್ತಿನಲ್ಲಿ ನೀವೇ ಕಾಯ್ದೆ ಮುರಿಯುತ್ತಿದ್ದರೆ ಈ ರಕ್ಷಣೆ ಸಿಗದು. ರಾತ್ರಿ ಕೋವಿ ಹಿಡಿದು ಹಂದಿ ಹೊಂಚುತ್ತಿದ್ದವನ ಮೇಲೆ ಕರಡಿ ಎರಗಿ, ಅವನು ಅದನ್ನು ಕೊಂದರೆ, ಸ್ವರಕ್ಷಣೆಯ ಮಾತು ನಿಲ್ಲುವುದಿಲ್ಲ.

ಸತ್ತ ಪ್ರಾಣಿ ಯಾರದು?

ಅನುಮತಿಯಿಂದ ಕೊಂದದ್ದಿರಲಿ, ಸ್ವರಕ್ಷಣೆಗೆ ಕೊಂದದ್ದಿರಲಿ, ಕಳ್ಳಬೇಟೆಯದ್ದಿರಲಿ, ಪ್ರಾಣಿ ಸರ್ಕಾರದ ಸ್ವತ್ತು. ಅಂಥದ್ದು ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯಾಧಿಕಾರಿಗೆ ತಿಳಿಸಬೇಕು. ಮಾಂಸ ಹಂಚುವುದು, ಕೊಂಬು ಗೋಡೆಗೆ ಹಾಕುವುದು, ಉಗುರನ್ನು ಸರಕ್ಕೆ ಕಟ್ಟಿಸುವುದು ಬೇರೆಯೇ ಅಪರಾಧ. ಇಂಥ ವಸ್ತು ಸಿಕ್ಕ ಮೇಲೆ ಅದು ಕಾನೂನುಬದ್ಧ ಎಂದು ತೋರಿಸುವ ಹೊಣೆ ಹೆಚ್ಚಾಗಿ ಇಟ್ಟುಕೊಂಡವರದೇ.

ಇಲ್ಲಿ ಕಾಯ್ದೆಯ ನೈತಿಕ ಲೆಕ್ಕಾಚಾರವೂ ಕಾಣುತ್ತದೆ. ಕೊಂದವನಿಗೆ ಕೊಲ್ಲುವುದರಿಂದ ಏನೂ ಸಿಗಬಾರದು. ಬೆಳೆ ಉಳಿಸಲು ಎಂದು ಅನುಮತಿ ಪಡೆದವನಿಗೆ ಮಾಂಸ ಸಿಗದಿದ್ದರೂ ಬೇಸರವಾಗದಿದ್ದರೆ ಅವನ ಅರ್ಜಿ ನಿಜ. ಮಾಂಸವಿಲ್ಲ ಎಂದೊಡನೆ ಹಂದಿಕಾಟವೂ ಮರೆತುಹೋದರೆ, ಕೇಳಿದ್ದು ಬೇಟೆಗೆ. ಗುಂಡು ಹಾರಿಸುವವನಿಗೆ ಇನ್ನೂ ಕೆಲವು ಹೊಣೆಗಳಿವೆ. ಗಾಯಗೊಂಡು ಪೊದೆ ಸೇರಿದ ಹಂದಿ ನರಳಿ ಸಾಯುತ್ತದೆ, ಮರುದಿನ ಸೌದೆಗೆ ಹೋದವರ ಮೇಲೂ ಬೀಳುತ್ತದೆ. ಮರಿ ಜೊತೆಗಿರುವ ತಾಯಿಯನ್ನು ಕೊಂದರೆ ಆ ಸಾವು ಒಂದಕ್ಕೆ ನಿಲ್ಲುವುದಿಲ್ಲ. ಅವನಿ ಹುಲಿಗೆ ಎರಡು ಮರಿಗಳಿದ್ದವು. ತಾಯಿ ಸತ್ತ ನಂತರ ಹೆಣ್ಣುಮರಿಯನ್ನು ಹುಡುಕಿ ಹಿಡಿಯಲು ಇಲಾಖೆಗೆ ಡಿಸೆಂಬರ್ ತನಕ ಬೇಕಾಯಿತು.

ಬೇಲಿಗೆ ಕರೆಂಟು

ವಿದರ್ಭದ ಹೊಲಗಳಲ್ಲಿ ಕಾಣುವ ‘ಝಟ್ಕಾ’ ಯಂತ್ರ, ನಮ್ಮ ಕಡೆಯ ಸೋಲಾರ್ ಬೇಲಿ ಕ್ಷಣಮಾತ್ರದ ಹೊಡೆತ ಕೊಟ್ಟು ಪ್ರಾಣಿಯನ್ನು ಹಿಮ್ಮೆಟ್ಟಿಸುತ್ತವೆ, ಕೊಲ್ಲುವುದಿಲ್ಲ. ಕಂಬದ ಲೈನಿನಿಂದ ನೇರ ಎಳೆದ ತಂತಿ ಹಿಡಿದದ್ದನ್ನು ಬಿಡುವುದಿಲ್ಲ. ಅದಕ್ಕೆ ಹಂದಿ, ಹುಲಿ, ಪಕ್ಕದ ಹೊಲದ ಕೂಲಿಯಾಳು ಎಂಬ ಭೇದವಿಲ್ಲ. ಹಾಗೆ ತಂತಿ ಎಳೆದವನ ಮೇಲೆ ವನ್ಯಜೀವಿ ಕಾಯ್ದೆಯ ಜೊತೆಗೆ ವಿದ್ಯುತ್ ಕಾಯ್ದೆ, 2003ರ 135ನೇ ಕಲಮಿನಡಿ ಕಳ್ಳತನದ ಪ್ರಕರಣವೂ, ಮನುಷ್ಯ ಸತ್ತರೆ ಭಾರತೀಯ ನ್ಯಾಯ ಸಂಹಿತೆಯಡಿ ಇನ್ನೂ ಗಂಭೀರ ಪ್ರಕರಣವೂ ದಾಖಲಾಗಬಹುದು. ಹಂದಿಗೆಂದು ಹಿಟ್ಟಿನೊಳಗೆ ಇಡುವ ಸಿಡಿಮದ್ದಿಗೂ ಇದೇ ಮಾತು.

ಪರಂಪರೆ ಮತ್ತು ಲೈಸೆನ್ಸು

ಕೊಡಗಿನ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರ ತನಕ ವಿಸ್ತರಿಸಲಾಗಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಈ ವಿನಾಯಿತಿ ಕೋವಿಗೆ ಸಂಬಂಧಿಸಿದ್ದು, ಬೇಟೆಗೆ ಅಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಬಹುದು, ತೆಂಗಿನಕಾಯಿಗೆ ಗುರಿಯಿಡಬಹುದು. ಬೇಟೆಗೆಂದು ಕಾಡಿನೊಳಗೆ ಹೋಗುವಂತಿಲ್ಲ.

ಅರಣ್ಯ ಹಕ್ಕುಗಳ ಕಾಯ್ದೆ, 2006 ಬುಡಕಟ್ಟು ಜನರ ಸಾಂಪ್ರದಾಯಿಕ ಹಕ್ಕುಗಳನ್ನು ಮಾನ್ಯ ಮಾಡುವಾಗ ಬೇಟೆಯ ಹಕ್ಕನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಅದೇ ಉಸಿರಿನಲ್ಲಿ ಇನ್ನೊಂದು ಮಾತು ಹೇಳಬೇಕು. ವಿದರ್ಭದ ಫಾಸೆ ಪಾರ್ಧಿಗಳಿರಲಿ, ನಮ್ಮ ಹಕ್ಕಿಪಿಕ್ಕಿಗಳಿರಲಿ, ಬೇಟೆ ಒಂದು ಕಾಲಕ್ಕೆ ಅವರ ಕಸುಬಾಗಿತ್ತು ಎಂಬುದು ಇಂದು ಯಾರನ್ನೂ ಶಂಕಿಸಲು ಕಾರಣವಲ್ಲ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟು ಕಾಯ್ದೆ 1952ರಲ್ಲಿ ರದ್ದಾಗಿದೆ. ಕಾನೂನು ಕೃತ್ಯವನ್ನು ನೋಡುತ್ತದೆ, ಜಾತಿಯನ್ನಲ್ಲ.

ಶಿಕ್ಷೆ ಎಷ್ಟು?

ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 1ನೇ ಅನುಸೂಚಿಯ ಪ್ರಾಣಿಯಾಗಿದ್ದರೆ ಅಥವಾ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಿನ ಬೇಟೆಯಾಗಿದ್ದರೆ ಕನಿಷ್ಠ 3 ವರ್ಷದಿಂದ 7 ವರ್ಷ ಜೈಲು ಮತ್ತು ಕನಿಷ್ಠ 25,000 ರೂಪಾಯಿ ದಂಡ. ಹುಲಿ ಸಂರಕ್ಷಿತ ಪ್ರದೇಶದ ಕೋರ್ ವಲಯದಲ್ಲಾದರೆ ದಂಡ ಇನ್ನೂ ಹೆಚ್ಚು. ಬಳಸಿದ ಕೋವಿ, ವಾಹನ ಮುಟ್ಟುಗೋಲಾಗುತ್ತವೆ. ಕೋವಿಯ ಲೈಸೆನ್ಸು ರದ್ದುಮಾಡಲು ನ್ಯಾಯಾಲಯ ಹೇಳಬಹುದು. ಕನಿಷ್ಠ ಜೈಲುಶಿಕ್ಷೆ ನಿಗದಿಯಾದ ಅಪರಾಧವನ್ನು ದುಡ್ಡು ಕಟ್ಟಿ ರಾಜಿ ಮಾಡಿಕೊಳ್ಳಲು ಬರುವುದಿಲ್ಲ.

ನಿಮ್ಮನ್ನು ಹಿಡಿದರೆ

ಅರಣ್ಯ ಸಿಬ್ಬಂದಿಗೆ ತಪಾಸಣೆ, ಬಂಧನದ ಅಧಿಕಾರವಿದೆ. ನಿಮಗೂ ಹಕ್ಕುಗಳಿವೆ. ಬಂಧನದ ಕಾರಣ ತಿಳಿಯುವುದು, ವಕೀಲರನ್ನು ಕಾಣುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕು. ನಾಗಪುರದ ಕಡೆ ಪಂಚನಾಮೆ ಮರಾಠಿಯಲ್ಲಿರುತ್ತದೆ. ಮರಾಠಿ ಓದಲು ಬಾರದ ಕನ್ನಡಿಗರು ಅದನ್ನು ಓದಿಸಿ, ಅರ್ಥ ಮಾಡಿಕೊಳ್ಳದೆ ಸಹಿ ಹಾಕಬಾರದು. ಖಾಲಿ ಕಾಗದಕ್ಕಂತೂ ಎಂದೂ ಬೇಡ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಿ.

ಬೇಟೆಯನ್ನು ಕಂಡರೆ

ನೀವೇ ಎದುರಿಗೆ ಹೋಗಬೇಡಿ, ಅವರ ಕೈಯಲ್ಲಿ ಆಯುಧವಿರುತ್ತದೆ. ಜಾಗ, ಸಮಯ, ವಾಹನದ ನಂಬರು ಬರೆದುಕೊಂಡು ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ತಿಳಿಸಿ. ಉರುಳು ಕಂಡರೆ ಕೀಳಬೇಡಿ, ಅದು ಸಾಕ್ಷ್ಯ. ಇಲಾಖೆ ಕ್ರಮ ಕೈಗೊಳ್ಳದಿದ್ದರೆ 55ನೇ ಕಲಮು ಸಾಮಾನ್ಯ ನಾಗರಿಕನಿಗೂ ದಾರಿ ತೆರೆದಿದೆ. 60 ದಿನಗಳ ನೋಟಿಸು ಕೊಟ್ಟು ನೀವೇ ನ್ಯಾಯಾಲಯಕ್ಕೆ ದೂರು ಕೊಡಬಹುದು. ಪ್ರಾಣಿಯನ್ನು ಕೊಲ್ಲುವ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು, ಹೈಕೋರ್ಟಿನಲ್ಲಿ ಪ್ರಶ್ನಿಸಲೂಬಹುದು. ಅವನಿಯ ಪ್ರಕರಣದಲ್ಲಿ ಅರ್ಜಿದಾರರು ಸೋತರೂ ಆದೇಶ ಸಾರ್ವಜನಿಕ ಪರಿಶೀಲನೆಗೆ ಒಳಗಾದದ್ದು ಹೀಗೆ.

ಪರಿಹಾರ ಪಡೆಯುವಾಗ

ಬೆಳೆ, ಜಾನುವಾರು, ಗಾಯ, ಜೀವಹಾನಿಗೆ ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳಲ್ಲಿ ಸರ್ಕಾರ ಪರಿಹಾರ ಕೊಡುತ್ತದೆ. ಮೊತ್ತ ಆಗಾಗ ಪರಿಷ್ಕರಣೆಯಾಗುವುದರಿಂದ ಈಗಿನ ದರವನ್ನು ವಲಯ ಕಚೇರಿಯಲ್ಲೇ ಕೇಳಿ. ಹಾನಿ ಕಂಡ ದಿನವೇ ತಿಳಿಸಿ, ತಡವಾದಷ್ಟೂ ಅರ್ಜಿ ತಿರಸ್ಕೃತವಾಗುವ ಸಾಧ್ಯತೆ ಹೆಚ್ಚು. ಸತ್ತ ದನವನ್ನು ಮಹಜರಾಗುವ ತನಕ ಕದಲಿಸಬೇಡಿ. ಅದಕ್ಕೆ ವಿಷ ಸವರಲೇಬೇಡಿ. ಮರಳಿ ಬಂದ ಹುಲಿ ಸತ್ತರೆ ಪರಿಹಾರದ ಅರ್ಜಿದಾರರೇ ಆರೋಪಿಯಾಗುತ್ತಾರೆ. ಬಂಡೀಪುರ, ನಾಗರಹೊಳೆ ಸುತ್ತ ಅರ್ಜಿ ತುಂಬಲು ‘ವೈಲ್ಡ್ ಸೇವೆ’ ಎಂಬ ಕಾರ್ಯಕ್ರಮ 2015ರಿಂದ ರೈತರಿಗೆ ಉಚಿತವಾಗಿ ನೆರವಾಗುತ್ತಿದೆ.

ಕಾಡಂಚಿನ ರೈತನ ಸಿಟ್ಟು ಸುಳ್ಳಲ್ಲ. ರಾತ್ರಿಯಿಡೀ ಅಟ್ಟಣೆಯಲ್ಲಿ ಕೂತು ಬೆಳಗ್ಗೆ ತುಳಿದುಹೋದ ಜೋಳ ನೋಡುವವನಿಗೆ ಕಲಮುಗಳ ಪಾಠ ರುಚಿಸದು. ಆದರೂ ಆ ಸಿಟ್ಟು ತಂತಿಯಾಗಿ, ಸಿಡಿಮದ್ದಾಗಿ ಹೊಲಕ್ಕಿಳಿದಾಗ ಜೈಲಿಗೆ ಹೋಗುವವನು ರೈತನೇ. ಅದೇ ಸಿಟ್ಟು ಅರ್ಜಿಯಾಗಿ ಕಚೇರಿಗೆ ಹೋದಾಗ ಉತ್ತರ ಕೊಡಬೇಕಾದವರು ಅಧಿಕಾರಿಗಳು. ಊರಿನ ಹತ್ತು ಜನ ಸೇರಿ ಅರ್ಜಿ ಹಾಕಿ, ಸ್ವೀಕೃತಿ ಇಟ್ಟುಕೊಳ್ಳಿ, ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ಉತ್ತರ ಬರುವ ತನಕ ಕೋವಿ ಗೋಡೆಯ ಮೇಲೇ ಇರಲಿ.